ಕುಡಿಸೋ ಕಸುಬು

ಹಿರಿಯೂರಿನ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಅರ್ಜಿ, ಕರಾರುಪತ್ರ, ಅಫಿಡವಿಟ್, ಏನು ಕೇಳಿದರೂ ಬಡಿದುಕೊಡುತ್ತಿದ್ದೆ. ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವನಿಲ್ಲ ಎಂಬ ಜಂಬ ಬೇರೆ. ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಮ್ಮ ಕಡೆಯವರು ಗಲ್ಫ್ ದೇಶಗಳಿಗೆ ಹೊರಡಲು ಶುರುಮಾಡಿದ್ದ ಕಾಲ. ಆ ವಾರ ಹೋಟೆಲ್ ಕೆಲಸದವರ ವೀಸಾ ಅರ್ಜಿಗಳೇ ಒಂದರ ಹಿಂದೆ ಒಂದು ಬಂದಿದ್ದವು. ಅಡುಗೆಯವರು, ಸಪ್ಲೈಯರುಗಳು, ತಟ್ಟೆ ತೊಳೆಯುವವರು. ಅವರೆಲ್ಲ ಹೋದ ಮೇಲೆ ಯಲ್ಲದಕೆರೆಯವನೊಬ್ಬ ಬಂದು ಕುಳಿತ. ನಲವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ. ಕಸುಬಿನ ಕಾಲಂ ಬಂದಾಗ ನಾನು ತಲೆ ಎತ್ತದೆಯೇ ಕೇಳಿದೆ.

"ಕೆಲ್ಸ ಏನಪ್ಪ ನಿಂದು?"

"ಕುಡಿಸೋದು ಸ್ವಾಮಿ."

"ಬರೀ ಕುಡಿಸೋದೇನಾ?"

"ಹೂಂ. ಒಲ್ಲೆ ಅಂತ ಒದ್ರೂ ಬಿಡಲ್ಲ, ಕುಡಿಸೇ ಕುಡಿಸ್ತೀನಿ. ನಮ್ ಸೀಮೇಗೆ ನನ್ನಂಗೆ ಕುಡಿಸೋರು ಯಾರೂ ಇಲ್ಲ."

ಭಲೇ ಸಾರಾಯಿ ಅಂಗಡಿಯವನೇ ಎಂದು ಒಳಗೊಳಗೇ ನಕ್ಕೆ. ಅರ್ಜಿಗೆ ಒಂದು ಘನತೆ ಇರಲಿ ಎಂದು 'ಲಿಕ್ಕರ್ ಸರ್ವರ್' ಎಂದು ಟೈಪು ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವನ ಬುದ್ಧಿ ನನ್ನದು. ಅವನಿಗೆ ಸಹಿ ಹಾಕಲಷ್ಟೇ ಬರುತ್ತಿತ್ತು. ನಾನು ಬೆರಳಿಟ್ಟ ಕಡೆ ಹಾಕಿ, ಕಾಗದವನ್ನು ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿ ಹೋದ.

ಎರಡು ದಿನದ ನಂತರ, ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದೆ. ಅವನ ಊರಿನ ಮೇಷ್ಟ್ರು ವರ್ಗಾವಣೆಯ ಅರ್ಜಿ ಮಾಡಿಸಲು ಬಂದರು. ಮಾತಿಗೆ ಮಾತು ಬಂದು ಹೇಳಿದರು:

"ನಮ್ಮೂರ ಮರಿ ಕುಡಿಸೋನು ಇವತ್ತು ಬೊಂಬಾಯಿಗೆ ಹೊಂಟ ಕಣ್ರಿ. ನಾಡಿದ್ದು ವೀಸಾದೋರು ಕರ್ದು ಕೇಳ್ತಾರಂತೆ. ದೊಡ್ಡ ಕುರಿ ಫಾರಂನಾಗೆ ಕೆಲ್ಸ ಐತಂತೆ."

"ಏನು ಕುಡಿಸೋನು?"

"ಕುರಿಮರಿ ರೀ. ತಾಯಿ ಸತ್ತ ಮರಿಗೆ ಬೇರೆ ಕುರಿ ಹಾಲು ಕುಡಿಸ್ತಾನೆ. ಎಂಥಾ ತಂಟೆ ಕುರಿನೂ ಅವನ ಕೈಯಾಗೆ ಸುಮ್ಕೆ ನಿಲ್ತೈತೆ."

ಕಾರ್ಬನ್ ಪ್ರತಿ ತೆಗೆದು ನೋಡಿದೆ. 'ಲಿಕ್ಕರ್ ಸರ್ವರ್' ಎಂದೇ ಇತ್ತು. ಅವನು ಹೊರಟಿದ್ದ ದೇಶದಲ್ಲಿ ಹೆಂಡ ಮಾರಿದವರಿಗೆ ಜೈಲು. ಅರ್ಜಿ ಒಂದು ಸಲ ತಿರಸ್ಕಾರವಾದರೆ ಮತ್ತೆ ಕರೆಯುವುದಿಲ್ಲ ಎಂದು ಏಜೆಂಟರು ಹೇಳುವುದನ್ನು ನಾನೇ ಕೇಳಿದ್ದೆ. ಬೊಂಬಾಯಿ ಬಸ್ಸು ಚಿತ್ರದುರ್ಗದಿಂದ ಸಂಜೆ ಹೊರಡುತ್ತಿತ್ತು. ಖಾಲಿ ವೀಸಾ ಫಾರಂ ಒಂದನ್ನು ಜೇಬಿಗಿಟ್ಟೆ. ಸಣ್ಣ ಟೈಪ್‌ರೈಟರನ್ನು ಟವೆಲ್ಲಿನಲ್ಲಿ ಸುತ್ತಿ, ಮೇಷ್ಟ್ರನ್ನು ಅಲ್ಲೇ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿದೆ.

ಆ ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು. ಐಮಂಗಲದಲ್ಲಿ ಡ್ರೈವರು ಟೀ ಕುಡಿಯಲು ಇಳಿದಾಗ ನಾನು ಕಿಟಕಿಯಿಂದ ಬಾಯಿಗೆ ಬಂದಂತೆ ಕೂಗಾಡಿದೆ. "ಅಷ್ಟು ಅರ್ಜೆಂಟಿದ್ರೆ ನಡ್ಕಂಡ್ ಹೋಗ್ರಿ" ಎಂದು ಅವನು ಇನ್ನೊಂದು ಟೀ ಹೇಳಿದ. ತೊಡೆಯ ಮೇಲಿನ ಮೆಷೀನು ಉದ್ದಕ್ಕೂ ಒತ್ತುತ್ತಿತ್ತು. ಯಲ್ಲದಕೆರೆಯವನು ಸಿಗದಿದ್ದರೆ? ಸಿಕ್ಕರೆ ಏನು ಹೇಳಲಿ? ನಿಜ ಹೇಳಬೇಕೆಂದರೆ ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ದುರ್ಗದ ನಿಲ್ದಾಣದಲ್ಲಿ ಬೊಂಬಾಯಿ ಬಸ್ಸಿನ ಮೇಲೆ ಇನ್ನೂ ಲಗೇಜು ಏರಿಸುತ್ತಿದ್ದರು. ಅವನು ಕಿಟಕಿ ಪಕ್ಕ ಕುಳಿತಿದ್ದ. ನನ್ನನ್ನು ಕಂಡು ಎದ್ದೇ ನಿಂತ.

"ಇಳೀರಿ, ಬೇಗ ಇಳೀರಿ. ಫಾರಂ ಬದಲಾಗೈತೆ. ಇನ್ನೊಂದು ಮಾಡ್ಬೇಕು."

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವನು ನಂಬಿ ಇಳಿದ. ಕಲ್ಲುಬೆಂಚಿನ ಮೇಲೆ ಮೆಷೀನು ಇಟ್ಟು ಬಡಿಯತೊಡಗಿದೆ. ಕಸುಬಿನ ಕಾಲಮ್ಮಿಗೆ ಬಂದಾಗ ಈ ಸಲ ಅವನ ಮುಖ ನೋಡಿ ಕೇಳಿದೆ.

"ಮರಿ ಸತ್ತ ತಾಯಿ ಇರ್ತೈತೆ, ತಾಯಿ ಸತ್ತ ಮರಿ ಇರ್ತೈತೆ" ಎಂದ. "ಸತ್ತ ಮರಿ ಚರ್ಮ ಈ ಮರಿಗೆ ಹೊದಿಸ್ತೀನಿ. ವಾಸ್ನೆ ಹಿಡ್ದು ತಾಯಿ ನಂದೇ ಅಂತೈತೆ. ಎರಡು ದಿನ ಹಿಡ್ಕಂಡು ಕುಡಿಸ್ತೀನಿ, ಆಮೇಲೆ ಅದೇ ಕರೀತೈತೆ." ಮೆಷೀನಿನೊಳಗಿನ ಕಾಗದ ನೋಡಿ ಕೇಳಿದ: "ಹಂಗಾರೆ ಮೊದ್ಲು ಏನಂತ ಬರ್ದಿದ್ರಿ?"

ಕಂಡಕ್ಟರು ಸೀಟಿ ಊದಿದ. ಇನ್ನು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಹೆಂಡ ಕುಡಿಸೋನು ಅಂತ."

ಅವನು ನಗಲಿಲ್ಲ. ನಗುತ್ತಾನೆಂದು ಎಣಿಸಿದ್ದೆ.

"ನಮ್ಮಪ್ಪನ ಕಾಲದಿಂದ್ಲೂ ನಮ್ಮನ್ಯಾಗೆ ಯಾರೂ ಮುಟ್ಟಿಲ್ಲ ಸ್ವಾಮಿ. ಅಲ್ಲಿ ಹಿಡ್ಕಂಡಿದ್ರೆ ನಿಮ್ಮನ್ನ ಕೇಳ್ತಿದ್ರಾ?"

ನಾನು ಮೆಷೀನಿನ ಕಡೆ ಬಗ್ಗಿದೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಒಂದು ಪದ ನನಗೆ ಗೊತ್ತಿರಲಿಲ್ಲ. 'ತಾಯಿಯಿಲ್ಲದ ಕುರಿಮರಿಗಳಿಗೆ ಬೇರೆ ತಾಯಿಯ ಹಾಲು ಕುಡಿಸುವವನು' ಎಂಬುದನ್ನೇ ಉದ್ದಕ್ಕೆ ಟೈಪು ಮಾಡಿದೆ. ಅಕ್ಷರಗಳು ಕಾಲಮ್ಮಿನ ಗೆರೆ ದಾಟಿ ಪಕ್ಕದ ಮನೆಗೂ ಹೋದವು. ಪೆನ್ನು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ಓದ್ರಿ."

"ಬಸ್ಸು ಹೊಂಟೈತಲ್ರಿ!"

"ಹೋದ್ರೆ ಹೋಗ್ಲಿ. ಮೊದಲಿಂದ ಓದ್ರಿ, ಕನ್ನಡದಾಗೆ."

ಕಂಡಕ್ಟರು ಬೈಯುತ್ತಿದ್ದ. ನಾನು ಬೆವರುತ್ತಾ ಒಂದೊಂದು ಸಾಲನ್ನೂ ಓದಿ ಅರ್ಥ ಹೇಳಿದೆ. ಅವನ ಅಪ್ಪನ ಹೆಸರು, ಊರು, ಕಸುಬು. ಕಸುಬನ್ನು ಎರಡು ಸಲ ಓದಿಸಿದ. ಆಮೇಲೆ ಸಹಿ ಹಾಕಿ, ಹಳೆಯ ಕಾಗದವನ್ನು ಹರಿದು ತುಂಡುಗಳನ್ನು ನನ್ನ ಕೈಗೇ ಕೊಟ್ಟು, ಚಲಿಸುತ್ತಿದ್ದ ಬಸ್ಸು ಹತ್ತಿದ.

ವೀಸಾ ಬಂತು. ಕುಣಿಯುವಷ್ಟು ಖುಷಿಯಾಯಿತು ನನಗೆ. ಕೆಲವು ತಿಂಗಳ ಮೇಲೆ ಅವನ ಹೆಂಡತಿ ಯಾವುದೋ ಕಾಗದ ಹಿಡಿದು ಬಸ್ಸಿನಿಂದ ಇಳಿದಳು. ನಾನು ಕುರ್ಚಿ ಒರೆಸಿ ಇಟ್ಟೆ. ಅವಳು ನನ್ನ ಬೋರ್ಡು ನೋಡಿದಳು, ನನ್ನನ್ನೂ ನೋಡಿದಳು, ಮುಂದೆ ನಡೆದು ನಾಲ್ಕನೆಯ ಅಂಗಡಿಯ, ನಿನ್ನೆ ಮೊನ್ನೆ ಟೈಪಿಂಗ್ ಕಲಿತವನ ಮುಂದೆ ಕುಳಿತಳು. ತಪ್ಪನ್ನು ನಾನೇ ಓಡಿಹೋಗಿ ತಿದ್ದಲಿಲ್ಲವೇ ಎಂದು ಬಹಳ ದಿನ ಉರಿದುಕೊಂಡೆ. ಈಗ ಅನ್ನಿಸುತ್ತದೆ, ಅವಳ ಜಾಗದಲ್ಲಿ ನಾನಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.