ಸೀರೆಯ ಅಂಚಿನ ಅರಿಶಿನ

ಮೊನ್ನೆ ಮಧ್ಯಾಹ್ನ ಹಿತ್ತಲಿನಿಂದ ನಿಂಬೆಹುಳಿಯ ವಾಸನೆ ಬಂತು. ಬಿಸಿಲಿಗೆ ಕಾದ ಒದ್ದೆ ಹತ್ತಿಬಟ್ಟೆಯ ವಾಸನೆಯೂ ಜೊತೆಗೆ... ಕಲಸುತ್ತಿದ್ದ ರೊಟ್ಟಿಹಿಟ್ಟು ಅಲ್ಲೇ ಬಿಟ್ಟು ಓಡಿದೆ. ಮಗಳು ನನ್ನ ಮದುವೆಯ ಬಿಳಿ ಸೀರೆ ಒಗೆದು ತಂತಿಯ ಮೇಲೆ ಹರವಿದ್ದಳು.

"ಟ್ರಂಕಿನ್ಯಾಗ ಇಟ್ಟು ಇಟ್ಟು ಮಾಸಿತ್ತಬೇ. ನನ್ನ ಮದುವಿಗೆ ಇದನ್ನ ಉಡ್ತೇನಿ," ಎಂದಳು. ಸೀರೆಯ ಅಂಚು ಹಿಡಿದುಕೊಂಡೆ. ಬೇಲಿಯಾಚೆಯ ಅಕ್ಕ ಕಣ್ಣ ಮುಂದೆ ಬಂದು ನಿಂತಿದ್ದಳು.

ಹುಲಗೂರಿನ ಹತ್ತಿರದ ನನ್ನ ತವರಿನಲ್ಲಿ ನಮ್ಮ ಹಿತ್ತಲಿಗೂ ಆಕೆಯ ಹಿತ್ತಲಿಗೂ ನಡುವೆ ಒಂದು ಮುಳ್ಳುಬೇಲಿ. ಆಕೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅವರ ಮನೆಯ ಪದ್ಧತಿಯಂತೆ ಅಂದಿನಿಂದ ಮೈಮೇಲೆ ಬಿಳಿ ಸೀರೆ. ಅರಿಶಿನ, ಹಸಿರು ಬಳೆ ಎರಡೂ ದೂರ. ಓಣಿಯಲ್ಲಿ ಯಾರದಾದರೂ ಮದುವೆಯೆಂದರೆ ತಾನಾಗಿಯೇ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದಳು. ಆದರೆ ಆ ಸೀರೆಗಳ ಬಿಳುಪೋ ಬಿಳುಪು! ಸೋಡಾ ನೀರಿನಲ್ಲಿ ಕುದಿಸಿ, ನೀಲಿಯನ್ನು ಅರಿವೆಯಲ್ಲಿ ಕಟ್ಟಿ ಬಕೆಟ್ಟಿನಲ್ಲಿ ಆಡಿಸಿ, ಹಿಂಡಿ ಒಣಹಾಕಿದರೆ ಕಣ್ಣು ಕುಕ್ಕುತ್ತಿತ್ತು. "ಉಡೂದು ಇದೊಂದ ಬಣ್ಣ, ಅದನ್ನರ ಛಲೋ ಇಟ್ಕೋಬೇಕಲ್ಲ," ಎಂದು ನಗುತ್ತಿದ್ದಳು.

ನಮ್ಮಲ್ಲಿ ಮದುಮಗಳಿಗೇ ಬಿಳಿ. ಅಪ್ಪ ಬುದ್ಧನ ದಾರಿ ಹಿಡಿದವನು. ಹಾನಗಲ್ಲ ಕಡೆಯ ನಮ್ಮ ಬೀಗರು ಅವನಿಗಿಂತ ಕಟ್ಟುನಿಟ್ಟು. ಅರಿಶಿನ, ಮುಹೂರ್ತ, ಹಳೆಯ ಶಾಸ್ತ್ರ ಒಂದೂ ಇರುವುದಿಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದ. ಸೀರೆ ಅವರೇ ಕಳಿಸಿದ್ದರು. ಆದರೆ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಹಳೇ ಜೀವ. ಹೊಸ ಬಟ್ಟೆಯ ಅಂಚಿಗೆ ಚೂರು ಅರಿಶಿನ ಮುಟ್ಟಿಸದೆ ಉಡಬಾರದು ಎಂಬ ರೂಢಿ ಆಕೆಯ ಕೈಗೇ ಅಂಟಿತ್ತು. ಮದುವೆಯ ಹಿಂದಿನ ದಿನ ಕದ್ದುಮುಚ್ಚಿ ಅರಿಶಿನ ಕಲಸಿ ತಂದಳು. ಬೆರಳ ತುದಿಯಷ್ಟು ಹಚ್ಚಲು ಹೋದವಳ ಕೈಯಿಂದ ಬಟ್ಟಲೇ ಮಗುಚಿ ಬಿತ್ತು. ಸೆರಗಿನ ತುಂಬ ಹಳದಿ!

ಅವ್ವ ಕಂಗಾಲಾಗಿ ಸಾಬೂನು, ಸೋಡಾ ಹಾಕಿ ತಿಕ್ಕಿದಳು. ಅಯ್ಯೋ, ತಿಕ್ಕಿದಂತೆಲ್ಲ ಹಳದಿ ಹೋಗಿ ರಕ್ತದ ಹಾಗೆ ಕೆಂಪಾಯಿತು. ಅತ್ತೆ ಬಾಯಿ ಬಾಯಿ ಬಡಿದುಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು, "ನನ್ನ ಮಾತು ಸುಳ್ಳಾತು. ನಾಳೆ ಅವರ ಮುಂದ ಹೆಂಗ ನಿಂದರ್ಲಿ?" ಎಂದ. ಆ ಸೀರೆ ಉಟ್ಟರೆ ಬೀಗರು ಅರಿಶಿನದ ಶಾಸ್ತ್ರ ಮಾಡಿದ್ದಾರೆ ಎನ್ನುತ್ತಾರೆ, ಬೇರೆ ಉಟ್ಟರೆ ನಮ್ಮ ಸೀರೆ ಎಲ್ಲಿ ಎನ್ನುತ್ತಾರೆ. ನನ್ನ ಮದುವೆ ಮುರಿಯಿತೆಂದೇ ನಾನು ನೆಲ ಹಿಡಿದು ಕೂತೆ.

ಗದ್ದಲ ಕೇಳಿ ಪಕ್ಕದ ಅಕ್ಕ ಬೇಲಿಯ ಬಳಿ ಬಂದಳು. "ಸಾಬೂನ ಹಾಕಬ್ಯಾಡವಾ! ಅರಿಷಿಣಕ್ಕ ಸಾಬೂನ ಕಂಡ್ರ ಸಿಟ್ಟು. ನಿಂಬಿಹುಳಿ ಬೇಕು, ಬಿಸಲು ಬೇಕು," ಎಂದಳು. ಆದರೆ ಬೇಲಿ ದಾಟಲಿಲ್ಲ. "ಮದುಮಗಳ ಸೀರಿ. ನಾ ಮುಟ್ಟಬಾರದು."

ಅವ್ವ ಬರಿಗೈಯಿಂದಲೇ ಮುಳ್ಳು ಸರಿಸಿದಳು. "ನಮ್ಮಲ್ಲಿ ಹಂಗೇನೂ ಇಲ್ಲರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೇನಿ, ಬರ್ರಿ."

ಆಕೆ ತನ್ನ ಗಿಡದ ನಿಂಬೆಹಣ್ಣು ಉಡಿಯಲ್ಲಿ ತುಂಬಿಕೊಂಡು ಬಂದಳು. ಸಾಬೂನು ಪೂರ್ತಿ ಹೋಗುವವರೆಗೆ ತಣ್ಣೀರಿನಲ್ಲಿ ಜಾಲಿಸಿ, ಹುಳಿ ಹಿಂಡಿದಳು. ನೋಡನೋಡುತ್ತಿದ್ದಂತೆ ಕೆಂಪು ಇಳಿದು ಮತ್ತೆ ಹಳದಿಯಾಯಿತು. ಇನ್ನು ಬಿಸಿಲೇ ಗತಿ. ಹಿತ್ತಲಿಗೆ ಆಗಲೇ ನೆರಳು ಬಂದಿತ್ತು. ಇಬ್ಬರೂ ಸೀರೆ ಹೊತ್ತು ಊರಾಚೆಯ ಕಣಕ್ಕೆ ಓಡಿದೆವು. ಆ ತುದಿ ಆಕೆ, ಈ ತುದಿ ನಾನು. ನೆರಳು ಸರಿದಂತೆ ನಾವೂ ಬಿಸಿಲಿನ ಬೆನ್ನು ಹತ್ತಿ ಸರಿಯುತ್ತಿದ್ದೆವು, ಆಕೆ ಹುಳಿನೀರು ಚಿಮುಕಿಸುತ್ತಿದ್ದಳು. ಮೋಡವೊಂದು ಅಡ್ಡ ಬಂದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಅಳಬ್ಯಾಡ ತಂಗಿ, ಬಿಗಿಯಾಗಿ ಹಿಡಿ. ಸೂರ್ಯಾ ಇನ್ನೂ ಅದಾನ."

ಹೊತ್ತು ಮುಳುಗುವಾಗ ಹಳದಿ ಹೋಗಿತ್ತು. ಅಂಚಿನಲ್ಲಿ ಮಾತ್ರ ಹುಣಸೆಬೀಜದಷ್ಟು ಉಳಿಯಿತು, ನೀಲಿ ನೀರಿನಲ್ಲಿ ಅದ್ದಿದರೂ ಜಪ್ಪಯ್ಯ ಎನ್ನಲಿಲ್ಲ. "ಸೆರಗಿನ ನಿರಿಗ್ಯಾಗ ಮುಚ್ಚತೈತಿ ಬಿಡು," ಎಂದಳು. ಆಗ ಆಕೆಯ ಅಂಗೈ ಕಂಡಿತು. ಎರಡೂ ಹಳದಿ. ಆಕೆಯೂ ನೋಡಿಕೊಂಡಳು... ಬಹಳ ಹೊತ್ತು. ಅವ್ವ ಸಾಬೂನು ತಂದು ಕೊಟ್ಟರೆ, "ಬ್ಯಾಡ, ಇರ್ಲಿ," ಎಂದು ಕೈ ಸೆರಗಿನೊಳಗೆ ಮುಚ್ಚಿಕೊಂಡಳು.

ಮರುದಿನ ಆಕೆ ಬಾಗಿಲು ಹಾಕಿಕೊಳ್ಳಲಿಲ್ಲ. ಚಪ್ಪರದ ಕೊನೆಗೆ ನಿಂತು, ಆ ಹಳದಿ ಕೈಯಿಂದಲೇ ನನ್ನ ಮೇಲೆ ಹೂ ಹಾಕಿದಳು.

ಆಕೆ ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಕೊನೆಗೆ ಮುಖ ನೋಡಲೂ ಸಿಗಲಿಲ್ಲ. ಒಂದು ಫೋಟೋ ಇಲ್ಲ, ಏನಿಲ್ಲ. ಆಮೇಲೆ ಎಷ್ಟೋ ಸಲ ಟ್ರಂಕು ತೆಗೆದು, ಅಂಚಿನ ಆ ಹಳದಿ ಚುಕ್ಕೆಯ ಮೇಲೆ ಕೈಯಾಡಿಸಿ ಮುಚ್ಚಿದ್ದೇನೆ. ನನ್ನ ಪಾಲಿಗೆ ಉಳಿದ ಅಕ್ಕ ಅಷ್ಟೇ.

ಮೊನ್ನೆ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ತಿರುವಿ ನೋಡಿದೆ. ಬಿಸಿಲಿಗೆ ಹಿಡಿದು ನೋಡಿದೆ.

"ಏನ್ ಹುಡುಕಾಕತ್ತೀಬೇ?" ಎಂದಳು ಮಗಳು. "ಅಲ್ಲೊಂದು ಹಳದಿ ಕಲಿ ಇತ್ತು. ನೀ ಹೇಳಿಕೊಟ್ಟಂಗ ನಿಂಬಿಹುಳಿ ಹಚ್ಚಿ ಬಿಸಲಿಗೆ ಹಾಕೇನಿ. ನೋಡು, ಒಂಚೂರೂ ಉಳದಿಲ್ಲ."

ಒಂಚೂರೂ ಉಳಿದಿರಲಿಲ್ಲ. ಸೀರೆ ಬೆಳ್ಳಗೆ ಒಣಗಿತ್ತು. ನಾನು ಅಂಚು ಹಿಡಿದುಕೊಂಡೇ ನಿಂತಿದ್ದೆ.