ಕಂಬಳಿಯೊಳಗಿನ ಕೆಂಪು ದೀಪ

ದಾಬಸ್‌ಪೇಟೆ, ಮಟಮಟ ಮಧ್ಯಾಹ್ನ. ನನ್ನ ಮೋಟಾರ್‌ಸೈಕಲ್ಲಿನ ಹಿಂದಿನ ದೀಪದ ಬಲ್ಬು ಸುಟ್ಟುಹೋಗಿದೆ. ಕೆಂಪು ದೀಪವಿಲ್ಲದೆ ಸಂಜೆ ನೆಲಮಂಗಲಕ್ಕೆ ಬಂದರೆ ಗಾಡಿಯನ್ನು ಠಾಣೆಯಲ್ಲೇ ಇಟ್ಟುಕೊಳ್ಳುತ್ತೇನೆಂದು ಹೋದ ಸಲವೇ ಅಲ್ಲಿನ ಪೊಲೀಸಿನವನು ಹೇಳಿದ್ದ.

ಸೈಕಲ್ ರಿಪೇರಿಯ ಸಿದ್ದಪ್ಪ ಡಬ್ಬಿ ತಡಕಿ ಹಳೆಯ ಕಾರಿನ ದಪ್ಪ ಬಲ್ಬೊಂದನ್ನು ತೆಗೆದ. "ನಿಮ್ದು ಮಿಣುಕುಹುಳ ಇದ್ದಂಗಿತ್ತು ಸ್ವಾಮಿ. ಇದು ಮೈಲಿ ದೂರಕ್ಕೆ ಕಾಣ್ತದೆ."

ಹಾಕಿದ. ಆದರೆ ಆ ಬಿಸಿಲಿನಲ್ಲಿ ದೀಪ ಉರಿಯುತ್ತಿದೆಯೋ ಇಲ್ಲವೋ ಇಬ್ಬರಿಗೂ ತಿಳಿಯಲಿಲ್ಲ. ಪೆಟ್ರೋಲಿಗೆ ರೇಷನ್ನಿದ್ದ ಕಾಲ, ಎಂಜಿನ್ ಹಾಕಲು ನನಗೆ ಮನಸ್ಸಿಲ್ಲ; ದೀಪ ಬರೀ ಬ್ಯಾಟರಿಯ ಮೇಲೇ ಉರಿಯಬೇಕು. ಸಿದ್ದಪ್ಪ ದಾರಿಹೋಕ ಕುರುಬನೊಬ್ಬನ ಕಂಬಳಿ ಈಸಿಕೊಂಡು, ದೀಪಕ್ಕೂ ತನ್ನ ತಲೆಗೂ ಸೇರಿಸಿ ಹೊದ್ದ. ಒಳಗಿನಿಂದ ಕೂಗಿದ: "ಆಹಾ, ದಾಸವಾಳ ಇದ್ದಂಗದೆ!"

ಅಷ್ಟೇ ಸಾಕಾಯಿತು. "ನನ್ ಕಂಬ್ಳಿ, ನಾನ್ ನೋಡ್ಬೇಡ್ವಾ?" ಎಂದು ಕುರುಬ ಒಳಹೊಕ್ಕ. ಶಿವಗಂಗೆಗೆ ಹೊರಟಿದ್ದವರು ಎತ್ತಿನ ಗಾಡಿಗಳಿಂದ ಇಳಿದು ಸಾಲು ನಿಂತರು. ನಾನು ಮುಂದೆ ನುಗ್ಗಿದರೆ ಅಜ್ಜಿಯೊಬ್ಬಳು ತೋಳು ಹಿಡಿದೆಳೆದಳು. "ನಿಂದೇ ಗಾಡಿ ಅಲ್ವೇನಪ್ಪಾ, ಮನೇಗ್ ಹೋಗಿ ನೋಡ್ಕೋ."

ಅಜ್ಜಿಯೂ ನೋಡಿ, "ಬಲು ಚೆಂದಾಗದೆ" ಎನ್ನುತ್ತ ಹೊರಬಂದ ಮೇಲೆ ನನ್ನ ಸರದಿ. ಒಳಗೆ ಕುರಿಯ ವಾಸನೆ, ಕಗ್ಗತ್ತಲು. ದಪ್ಪ ಬಲ್ಬು ಬ್ಯಾಟರಿಯನ್ನು ಯಾವಾಗಲೋ ಕುಡಿದು ಮುಗಿಸಿತ್ತು.

ಹೊರಬಂದೆ. "ಹೆಂಗದೆ?" ಎಂದಳು ಅಜ್ಜಿ, ನನ್ನ ಮುಖವನ್ನೇ ನೋಡುತ್ತ.

"ದಾಸವಾಳ" ಎಂದೆ. ಕಂಬಳಿಯನ್ನು ಹಿಂದೆ ನಿಂತಿದ್ದ ಪೇಟದ ಯಜಮಾನರಿಗೆ ಕೊಟ್ಟೆ. ಅವರು ಹೊದ್ದುಕೊಂಡು ಒಳಗೇ ಅತ್ತಿತ್ತ ತಡಕಾಡಿದರು. ಆಮೇಲೆ ಒಳಗಿನಿಂದ, "ಆಹಾ!" ಎಂದರು.