ಕಡಲಿಗೆ ಹಾಕಿದ ಗದ್ದೆ ಏಡಿ

ಮದ್ದೂರಿನಲ್ಲಿ ಒಂದು ಕಡಲಿತ್ತು. ಅದನ್ನು ಹಾಳು ಮಾಡಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಟ್ಟರೆ, ಕೊನೆಗೆ ನೀವು ಬೈಯುವ ಹೊತ್ತಿಗೆ ನಿಮಗೂ ಸ್ವಲ್ಪ ಸುಸ್ತಾಗಿರುತ್ತದೆ ಎಂಬುದು ನನ್ನ ಉಪಾಯ.

ಕಡಲೆಂದರೆ ಬಹಳ ದೊಡ್ಡದಲ್ಲ. ಉದ್ದ ಒಂದು ಮೊಳ, ಅಗಲ ಒಂದು ಗೇಣು. ಸ್ಟೇಷನ್ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಖಾದರ್, ಹಳೇ ಬಸ್ಸಿನ ಕಿಟಕಿಗಾಜುಗಳನ್ನು ಮರದ ಚೌಕಟ್ಟಿಗೆ ಕೂರಿಸಿ, ಸಂದಿಗೆ ಅರಗು ಮೆತ್ತಿ ಮಾಡಿದ ಪೆಟ್ಟಿಗೆ. ಮಾಡಿದ್ದು ಹೆಂಡತಿಗಾಗಿ. ಐಸಮ್ಮ ಮಂಗಳೂರಿನ ಕಡೆಯವಳು, ಕಡಲಂಚಿನಲ್ಲಿ ಹುಟ್ಟಿದವಳು. ಖಾದರನ ಮನೆಮಾತು ಉರ್ದು, ಆಕೆಯದು ಬ್ಯಾರಿ. ಇಬ್ಬರನ್ನೂ ಕೂಡಿಸುತ್ತಿದ್ದದ್ದು ಕನ್ನಡ. ಅದರಲ್ಲೂ ಇವನದು ಮದ್ದೂರಿನ ಕನ್ನಡ, ಅವಳದು ಘಟ್ಟದ ಕೆಳಗಿನದು. ಇವನು ‘ಓಗ್ಲಿ ಬುಡು’ ಅಂದರೆ ಅವಳು ‘ಎಂತದು?’ ಅನ್ನುವಳು. ಅಷ್ಟಕ್ಕೇ ಬೀದಿ ನಗುತ್ತಿತ್ತು. ನಕ್ಕಷ್ಟೂ ಆಕೆ ಅಂಗಡಿಯ ಹಿಂದಿನ ಗೋಣಿಪರದೆಯ ಆಚೆಗೆ ಸರಿದು, ಕೊನೆಗೆ ಮಾತನ್ನೇ ಬಿಟ್ಟಿದ್ದಳು.

ಆಕೆಯ ಅಣ್ಣ ಒಣಮೀನಿನ ಲಾರಿ ಓಡಿಸುತ್ತಿದ್ದ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಏದುಸಿರು ಬಿಡುತ್ತ ಘಟ್ಟ ಹತ್ತಿ ಬರುತ್ತಿದ್ದ ಆ ಲಾರಿಯಿಂದ ಒಂದು ದಿನ ಬಾಯಿಗೆ ಬಟ್ಟೆ ಕಟ್ಟಿದ ಭರಣಿಗಳು ಇಳಿದವು. ಉಪ್ಪಿನಕಾಯಿ ಎಂದು ಊರು ಮೂಗರಳಿಸಿತು. ಒಳಗಿದ್ದದ್ದು ಕಡಲ ನೀರು, ಎರಡು ಕಲ್ಲುಮೀನು, ಒಂದು ಸೀಗಡಿ, ಬಂಡೆಚೂರಿಗೆ ಅಂಟಿಕೊಂಡು ಎಸಳೆಸಳಾಗಿ ಅರಳುವ ಒಂದು ಜೀವ. ಕಡಲಹೂ ಅನ್ನುತ್ತಾರಂತೆ. ಜೊತೆಗೆ, ಸತ್ತ ಶಂಖದಹುಳದ ಚಿಪ್ಪನ್ನು ಅಂಗಿಯ ಹಾಗೆ ತೊಟ್ಟ ಒಂದು ಪುಟ್ಟ ಏಡಿ.

ಇವುಗಳನ್ನು ಆರಿಸಿದ ಕ್ರಮ ಕೇಳಬೇಕು. ಬಂಡೆಗುಂಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಅಣ್ಣ ಮೊದಲು ತನ್ನ ಮನೆಯ ಗಂಗಾಳದಲ್ಲಿ ಒಟ್ಟಿಗೆ ಬಿಟ್ಟು ನೋಡಿದನಂತೆ. ಕಚ್ಚಿದ್ದು ಸಾರಿಗೆ, ಕಚ್ಚಿಸಿಕೊಂಡೂ ಸುಮ್ಮನಿದ್ದದ್ದು ಮತ್ತೆ ಕಡಲಿಗೆ, ತನ್ನ ಪಾಡಿಗೆ ತಾನಿದ್ದದ್ದು ಮದ್ದೂರಿಗೆ. ‘ನೀರು ಆರಿದರೆ ಉಪ್ಪು ಹಾಕಬೇಡಿ, ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಬಾವಿಯ ನೀರು ಹಾಕಿ. ಹೊಸಬರನ್ನು ಮಾತ್ರ ಬಿಡಬೇಡಿ’ ಎಂದು ಹೇಳಿ ಅವನು ಲಾರಿ ಹತ್ತಿದ. ಖಾದರ್ ಬೆಳಿಗ್ಗೆ ಸಂಜೆ ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹೊಡೆಯುತ್ತಿದ್ದ. ಪಂಕ್ಚರಾದ ಗಿರಾಕಿಗಳು ಕಾಯಬೇಕು, ಮೊದಲು ಮೀನಿಗೆ.

ಪರದೆ ಸರಿಯತೊಡಗಿತು. ‘ಅದೇನು?’ ಎಂದು ಯಾರಾದರೂ ಗಾಜಿಗೆ ಮೂಗೊತ್ತಿದರೆ ಒಳಗಿನಿಂದ ಉತ್ತರ ಬರುತ್ತಿತ್ತು. ಒಮ್ಮೆ ಏಡಿಗೆ ಅಂಗಿ ಬಿಗಿಯಾದಾಗ ಆಕೆ ಒಂದು ಖಾಲಿ ಚಿಪ್ಪನ್ನು ನೀರಿಗಿಳಿಸಿದಳು. ಅದು ಮೀಸೆಯಿಂದ ತಡವಿ, ಒಳಗೆ ಕೈ ಹಾಕಿ ಹುಡುಕಿ, ತಿರುಗಿಸಿ ನೋಡಿ, ಆಮೇಲೆ ಸರಕ್ಕನೆ ಮನೆ ಬದಲಾಯಿಸಿತು. ಬೀದಿಯೆಲ್ಲ ಚಪ್ಪಾಳೆ. ‘ಈ ಪೆಟ್ಗೆ ಬಂದ್ಮೇಲೆ ಕಣ್ಲಾ ಅವ್ಳು ಬಾಯ್ ಬುಟ್ಟಿದ್ದು’ ಎಂದು ಖಾದರ್ ನನ್ನ ಕಿವಿಯಲ್ಲಿ ಅಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಆ ಒದ್ದೆಯನ್ನೂ ಅನುಕರಿಸಿ ತೋರಿಸಿದೆ. ನನ್ನ ರೋಗವೇ ಅದು.

ಸ್ಟೇಷನ್ ಮಾಸ್ಟರರ ಕೆಮ್ಮು, ಅಮಲ್ದಾರರ ಗತ್ತು, ಯಲಿಯೂರಿನ ಬಳಿ ಏರಿನಲ್ಲಿ ರೈಲು ತಿಣುಕುವ ಸದ್ದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಖಾದರ್ ಬಿಡಿಭಾಗ ತರಲು ಮಂಡ್ಯಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಅಂಗಡಿಯ ಮುಂದೆ ನಮ್ಮ ಬೀದಿಯ ಜೋಯಿಸರಾದೆ. ಮೂಗಿನಲ್ಲೇ ಮಾತಾಡುತ್ತ ಕಡಲಪೆಟ್ಟಿಗೆಯ ಜಾತಕ ಬಿಡಿಸಿದೆ. ಮದುವೆಗೆ ಜಾತಕ ಕೂಡಿಸುವಾಗ ನೋಡುವ ಯೋನಿಕೂಟದಲ್ಲಿ ಆನೆಯುಂಟು, ಬೆಕ್ಕುಂಟು, ಇಲಿಯುಂಟು, ಹಾವು ಮುಂಗುಸಿಗಳುಂಟು. ಮೀನು ಏಡಿಗಳೇ ಇಲ್ಲ. ನಮ್ಮ ಹಿರಿಯರು ನೀರಿನವರ ಮದುವೆಗೆ ಕೈ ಹಾಕದಿದ್ದದ್ದು ಸುಮ್ಮನೆ ಅಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ‘ಈ ಏಡಿ ವರ ಮನುಷ್ಯಗಣ, ಸ್ವಂತ ಮನೆ ಉಂಟು, ಸಾಲ ಇಲ್ಲ, ಕನ್ಯೆ ಒಂದೇ ಬಾಕಿ’ ಎಂದೆ. ನಕ್ಕರು. ನಕ್ಕಮೇಲೆ ಕನ್ಯೆ ತರದೆ ಹೇಗೆ? ಮಳವಳ್ಳಿ ರಸ್ತೆಯ ಗದ್ದೆಬದುವಿನಲ್ಲಿ ಬಿಲ ಅಗೆದು ಅಂಗೈಯಗಲದ ಏಡಿಯೊಂದನ್ನು ಹಿಡಿದು ತಂದೆ.

‘ಬೇಡ ಮಾರಾಯ್ರೆ’ ಎಂದಿತು ಪರದೆಯ ಹಿಂದಿನ ದನಿ. ‘ಅದು ಸಿಹಿನೀರಿನದ್ದು. ಇವಕ್ಕೆ ಅದರ ಒಟ್ಟಿಗೆ ಆಗ್ಲಿಕ್ಕಿಲ್ಲ.’

ನಾನು ಏನು ಮಾಡಿದೆ ಗೊತ್ತೇ? ಅದೇ ಮಾತನ್ನು ಅದೇ ದನಿಯಲ್ಲಿ, ‘ಮಾರಾಯ್ರೆ’ಗೆ ಅದೇ ಎಳೆತ ಕೊಟ್ಟು, ತಲೆಗೆ ಟವಲು ಹೊದ್ದುಕೊಂಡು ಹೇಳಿದೆ. ಬೀದಿ ಬಿದ್ದು ಬಿದ್ದು ನಕ್ಕಿತು. ಪರದೆ ಪೂರ್ತಿ ಮುಚ್ಚಿಕೊಂಡಿತು. ಕನ್ಯೆಯನ್ನು ನೀರಿಗೆ ಬಿಟ್ಟೆ.

ಬೆಳಿಗ್ಗೆ ನಾನು ಬಂದಾಗ, ರಾತ್ರಿ ತಡವಾಗಿ ಮಂಡ್ಯದಿಂದ ಮರಳಿದ್ದ ಖಾದರ್ ಕೈಯಲ್ಲಿ ಪಂಪು ಹಿಡಿದು, ಗಾಳಿ ಹೊಡೆಯದೆ ನಿಂತಿದ್ದ. ಮೀನುಗಳಿರಲಿಲ್ಲ. ಸೀಗಡಿಯ ಮೀಸೆ ತೇಲುತ್ತಿತ್ತು. ಕಡಲಹೂವಿನ ಜಾಗದಲ್ಲಿ ಹರಿದ ಚಿಂದಿ. ಗದ್ದೆ ಏಡಿ ಉಪ್ಪು ತಾಳದೆ ಮೂಲೆಯಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು. ಅದರ ಮೇಲೆ ತಪ್ಪು ಹೊರಿಸಲೂ ಮನಸ್ಸಾಗಲಿಲ್ಲ, ಅದೇನು ತಾನಾಗಿ ಬಂದದ್ದೇ? ಉಳಿದದ್ದು ಚಿಪ್ಪಿನ ಏಡಿಯೊಂದೇ. ಅಂಗಿಯೊಳಗೆ ಪೂರ್ತಿ ಸರಿದು ಬಾಗಿಲು ಹಾಕಿಕೊಂಡಿತ್ತು.

‘ಒಳೀಕ್ ಓಗಿ ನೀನೇ ಯೋಳ್ಲಾ’ ಎಂದ ಖಾದರ್. ‘ನನ್ ಕೈಲಾಗಕಿಲ್ಲ.’

ಪರದೆಯ ಮುಂದೆ ನಿಂತೆ. ತಪ್ಪಾಯಿತು ಎಂದು ಹೇಳಬೇಕು, ಅಷ್ಟೇ. ಬಾಯಿ ತೆರೆದರೆ ಹೊರಬಂದದ್ದು ಅಮಲ್ದಾರರು: ‘ಸದರಿ ವಿಷಯದಲ್ಲಿ ನಮ್ಮಿಂದ ಅಚಾತುರ್ಯ ನಡೆದಿರುತ್ತದೆ...’ ಗಾಬರಿಯಾಗಿ ನಿಲ್ಲಿಸಿ ಮತ್ತೆ ಹೊರಟರೆ ಜೋಯಿಸರ ಮೂಗು. ನನ್ನ ದನಿಗಾಗಿ ಗಂಟಲೆಲ್ಲ ತಡಕಾಡಿದೆ. ಬಾಡಿಗೆಯವರೇ ತುಂಬಿದ್ದರು, ಮನೆಯವನು ಎಲ್ಲಿ ಹೋಗಿದ್ದನೋ. ಈ ಸಲ ಬೀದಿಯಲ್ಲಿ ಯಾರೂ ನಗಲಿಲ್ಲ. ಜೀವಮಾನದಲ್ಲಿ ಅಷ್ಟು ಕೆಟ್ಟ ಪ್ರದರ್ಶನ ನಾನು ಕೊಟ್ಟದ್ದೇ ಇಲ್ಲ.

ಚಿಪ್ಪಿನ ಏಡಿ ಮುಂದಿನ ಲಾರಿಯಲ್ಲಿ ತವರಿಗೆ ಹೋಯಿತು. ಗಾಜಿನ ಪೆಟ್ಟಿಗೆಯಲ್ಲಿ ಖಾದರ್ ಚೈನು, ಬೋಲ್ಟುಗಳನ್ನು ತುಂಬಿಟ್ಟ. ನಾನು ಈಗಲೂ ರೈಲಾಗುತ್ತೇನೆ, ನಾಯಿಯಾಗುತ್ತೇನೆ. ಆದರೆ ಯಾರಾದರೂ ‘ಆ ಐಸಮ್ಮನ ಥರ ಒಂದ್ಸಲ ಮಾಡ್ಲಾ’ ಎಂದರೆ ಟವಲು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತೇನೆ. ಏಕೆಂದರೆ ಆ ಬೆಳಿಗ್ಗೆ ನನ್ನ ಅಮಲ್ದಾರರೂ ಜೋಯಿಸರೂ ಸೋತು ಸುಮ್ಮನಾದ ಮೇಲೆ, ಪರದೆಯ ಆಚೆಯಿಂದ, ಸಿಟ್ಟೂ ಇಲ್ಲದ ದನಿಯಲ್ಲಿ ಆಕೆ ಅಂದದ್ದು ಇಷ್ಟು:

‘ಆ ಏಡಿಯೂ ಬೇರೆಯವರ ಚಿಪ್ಪು ಹಾಕಿಕೊಂಡೇ ತಿರುಗುವುದು. ಆದರೆ ಒಳಗೆ ಜೀವ ಉಂಟಾ ಅಂತ ಅದು ಮೊದಲು ನೋಡ್ತದೆ, ಮಾರಾಯ್ರೆ.’